ಏನೂ ಆಗದ ರಜೆ: ನಾಲ್ಕನೇ ತರಗತಿಯ ಒಬ್ಬ ಹುಡುಗನ ಪ್ರಕರಣ

ದಸರಾ ರಜೆ ಮುಗಿಸಿ ಮಕ್ಕಳು ಬಂದ ವಾರವೇ ‘ನನ್ನ ದಸರಾ ರಜೆ’ ಅಂತ ಪ್ರಬಂಧ ಬರೆಸುವುದು ನಮ್ಮ ಶಾಲೆಯಲ್ಲಿ ಮೊದಲಿನಿಂದ ಬಂದ ರೂಢಿ. ಈ ಸಲ ನಾಲ್ಕನೇ ತರಗತಿಯ ಒಬ್ಬ ಹುಡುಗ ಎರಡು ಪುಟ ಬರೆದಿದ್ದ. ಮೈಸೂರಿಗೆ ಹೋಗಿದ್ದು, ಮೃಗಾಲಯ ನೋಡಿದ್ದು, ಜಂಬೂ ಸವಾರಿಯಲ್ಲಿ ಆನೆ ಮೇಲೆ ಮಹಾರಾಜರು ಕೂತು ಕೈ ಬೀಸಿದ್ದು. ಎದ್ದು ಓದುತ್ತಿರುವಾಗಲೇ ಹಿಂದಿನಿಂದ ಇನ್ನೊಬ್ಬ ಕೂಗಿದ. “ಮಿಸ್, ಸುಳ್ಳು. ಆನೆ ಮೇಲೆ ಮಹಾರಾಜರು ಕೂರಲ್ಲ. ಅಂಬಾರೀಲಿ ಚಾಮುಂಡೇಶ್ವರಿ ಇರೋದು. ನಾನು ನೋಡಿದೀನಿ.”

ಅವನು ಹೇಳಿದ್ದು ಸರಿ. 750 ಕೆ.ಜಿ. ತೂಕದ ಆ ಚಿನ್ನದ ಅಂಬಾರಿಯಲ್ಲಿ ಈಗ ಹೊರಡುವುದು ಚಾಮುಂಡೇಶ್ವರಿಯ ಮೂರ್ತಿ. ಮಹಾರಾಜರು ಕೂರುತ್ತಿದ್ದ ಕಾಲ ಮುಗಿದು ದಶಕಗಳೇ ಆಗಿವೆ. ನಮ್ಮ ಹುಡುಗ ಯಾವುದೋ ಹಳೇ ಚಿತ್ರ ನೋಡಿ ಬರೆದಿದ್ದ. ತರಗತಿ ಗೊಳ್ಳೆಂದು ನಕ್ಕಿತು. ಅವನು ಪುಸ್ತಕ ಮುಚ್ಚಿ ಕೂತುಬಿಟ್ಟ. ಬಿಸಿಯೂಟಕ್ಕೂ ಏಳಲಿಲ್ಲ. ಮಧ್ಯಾಹ್ನ ಪಕ್ಕಕ್ಕೆ ಕರೆದು, ಯಾಕಪ್ಪಾ ಹಾಗೆ ಬರೆದೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: “ನಮ್ಮನೇಲಿ ಏನೂ ಆಗ್ಲಿಲ್ಲ ಮಿಸ್. ಏನ್ ಬರೀಲಿ?”

ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಈ ಮಾತಿನ ಬೆನ್ನು ಹತ್ತಿ ನಾನು, ಹುಡುಗನ ಮನೆಯವರು ಏನೇನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿರುವುದು. ಹೆಸರು, ಊರು ಬೇಕೆಂದೇ ಬಿಟ್ಟಿದ್ದೇನೆ.

ಮನೆಯಲ್ಲಿ ನಿಜಕ್ಕೂ ಏನಾಗಿತ್ತು

ಹುಡುಗನ ಅಪ್ಪ ಸಾರಿಗೆ ಬಸ್ಸಿನ ಚಾಲಕ. ವಾರದಲ್ಲಿ ಹೆಚ್ಚಿನ ದಿನ ನೈಟ್ ಹಾಲ್ಟ್ ಡ್ಯೂಟಿ. ಸಂಜೆ ಬಸ್ ತೆಗೆದುಕೊಂಡು ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ ಮಾಡಿಕೊಂಡು ಬರುತ್ತಾರೆ. ಅವರು ಮನೆ ಸೇರುವಾಗ ಮಗ ಶಾಲೆಯಲ್ಲಿರುತ್ತಾನೆ. ಮಗ ಮನೆಗೆ ಬರುವಾಗ ಅವರು ಹೊರಟಿರುತ್ತಾರೆ, ಇಲ್ಲವೇ ಮಲಗಿರುತ್ತಾರೆ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬ್ಲೌಸ್, ಸೀರೆಗೆ ಫಾಲ್, ಸೆರಗಿಗೆ ಕುಚ್ಚು. ಅಪ್ಪನ ತಾಯಿ ಜೊತೆಗಿದ್ದಾರೆ. ಒಂದನೇ ತರಗತಿಗೆ ಹೋಗುವ ತಂಗಿ ಇದ್ದಾಳೆ.

ಒಂದು ಸಂಜೆ ಅವರ ಮನೆಗೆ ಹೋದೆ. ದೂರು ಹೇಳಲು ಬಂದರೇನೋ ಅಂತ ಅಮ್ಮನ ಮುಖ ಸಣ್ಣಗಾಯಿತು. ದೂರಲ್ಲ, ರಜೆಯಲ್ಲಿ ಮನೆಯಲ್ಲಿ ಏನೇನು ನಡೀತು ಅಂತ ಸುಮ್ನೆ ಕೇಳೋಣ ಅಂತ ಬಂದೆ ಅಂದೆ. ಮೊದಲು ಅವರೂ ಅದನ್ನೇ ಅಂದರು. “ಏನಿದೆ ಮಿಸ್, ದಿನಾ ಇದ್ದದ್ದೇ.” ಆಮೇಲೆ ಅಜ್ಜಿ ಒಂದೊಂದಾಗಿ ನೆನಪಿಸಿಕೊಂಡರು.

ಆಯುಧಪೂಜೆಗೆ ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದಿದ್ದರು. ಅಪ್ಪ ಅಲ್ಲಿಂದ ಪುರಿ, ಸಿಹಿ ಕಟ್ಟಿಸಿಕೊಂಡು ಬಂದಿದ್ದರು. ತಂಗಿಯ ಮೊದಲ ಹಲ್ಲು ಬಿದ್ದಿತ್ತು. ಅಜ್ಜಿ ಅದನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದಿದ್ದರು. ಒಂದು ರಾತ್ರಿ ಜೋರು ಮಳೆಗೆ ಕರೆಂಟ್ ಹೋಗಿ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಒಟ್ಟಿಗೆ ಮಲಗಿದ್ದರು. ಸೋದರಮಾವ ಹೇಳದೆ ಕೇಳದೆ ಬಂದು, ಅಕ್ಕನ ಕೈಯಲ್ಲಿ ಹುರುಳಿ ಬಸ್ಸಾರು ಮಾಡಿಸಿಕೊಂಡು ಉಂಡು ಹೋಗಿದ್ದರು.

ಇಷ್ಟೆಲ್ಲ ಆಗಿದೆ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಹುಡುಗನ ಮಾತುಗಳನ್ನು ನಾನು ಅಂದೇ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಆಯುಧಪೂಜೆಗೆ: “ನನ್ನ ಕರ್ಕೊಂಡೇ ಹೋಗ್ಲಿಲ್ಲ.” ಹಲ್ಲಿಗೆ: “ನಾನು ರೂಮಲ್ಲಿದ್ದೆ. ನಂಗೆ ಯಾರೂ ಹೇಳ್ಲಿಲ್ಲ.” ಮಾವ ಬಂದಿದ್ದಕ್ಕೆ: “ಅವರೆಲ್ಲಾ ಮಾತಾಡ್ತಿದ್ರು. ನೀನು ಹೋಗಿ ಓದ್ಕೋ ಅಂದ್ರು.” ಕರೆಂಟ್ ಹೋದ ರಾತ್ರಿಯ ಮಾತು ಬಂದಾಗ ಮಾತ್ರ ಅವನ ಮುಖ ಬದಲಾಯಿತು. “ಹೌದಲ್ವಾ! ಅವತ್ತು ಕಪ್ಪೆ ಎಷ್ಟ್ ಜೋರಾಗಿ ವಟಗುಟ್ತಿತ್ತು!” ಅಂದ.

ನನಗೆ ವಿಷಯ ಅರ್ಥವಾಗಿದ್ದು ಅಲ್ಲಿ. ಏನೂ ಆಗಲಿಲ್ಲ ಅಂತ ಅವನು ಹೇಳಿದ್ದು ಸುಳ್ಳಲ್ಲ, ಸೊಕ್ಕೂ ಅಲ್ಲ. ಅವನು ಕೂತ ಜಾಗದಿಂದ ನೋಡಿದರೆ ಅದು ನಿಜ. ಮನೆಯಲ್ಲಿ ನಡೆದದ್ದರಲ್ಲಿ ಹೆಚ್ಚಿನದು ಅವನನ್ನು ಬಿಟ್ಟು ನಡೆದಿತ್ತು. ಅವನಿದ್ದಾಗ ನಡೆದದ್ದರ ಬಗ್ಗೆ ಮರುದಿನ ಯಾರೂ ಒಂದು ಮಾತೂ ಆಡಿರಲಿಲ್ಲ. ಕಪ್ಪೆ ವಟಗುಟ್ಟಿದ್ದು ಅವನೊಳಗೆ ಇತ್ತು. ಅದು ಬರೆಯಬಹುದಾದ ವಿಷಯ ಅಂತ ಅವನಿಗೆ ಗೊತ್ತಿರಲಿಲ್ಲ.

ಅವನನ್ನು ದೂರ ಇಟ್ಟಿದ್ದಕ್ಕೆ ಕಾರಣ ಪ್ರೀತಿಯೇ. ಅಮ್ಮ ಹೇಳಿದರು: “ಓದ್ಕೊಳ್ಲಿ ಅಂತ ಯಾವ ಕೆಲ್ಸಕ್ಕೂ ಕರೆಯಲ್ಲ ಮಿಸ್. ನಾನಂತೂ ಎಸ್ಸೆಸ್ಸೆಲ್ಸಿಗೇ ನಿಂತೋದೆ. ಇವನಿಗೆ ಆ ತಾಪತ್ರಯ ಬೇಡ ಅಂತ.” ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈಗ ಇದೇ ನಡೆಯುತ್ತಿದೆ. ಮಗು ಓದಲಿ ಅಂತ ಮನೆಯ ಕೆಲಸದಿಂದ ಬಿಡಿಸುತ್ತೇವೆ. ಕೆಲಸದ ಜೊತೆಗೆ ಮಾತು, ನಗು, ಜಗಳ ಎಲ್ಲದರಿಂದಲೂ ಅದು ಹೊರಗುಳಿಯುತ್ತದೆ. ಓದಿ ಮುಗಿದ ಮೇಲೆ ಉಳಿಯುವ ಹೊತ್ತಿಗೆ ಕೈಯಲ್ಲಿ ಮೊಬೈಲ್ ಇರುತ್ತದೆ.

ಬಾರ್ಬರಾ ರೋಗಾಫ್ ಅನ್ನುವ ಮನಶ್ಶಾಸ್ತ್ರಜ್ಞೆ ಮೆಕ್ಸಿಕೊ, ಗ್ವಾಟೆಮಾಲಾ ದೇಶಗಳ ಮೂಲನಿವಾಸಿ ಕುಟುಂಬಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅಲ್ಲಿ ಮಕ್ಕಳನ್ನು ದೊಡ್ಡವರ ಕೆಲಸದಿಂದ ದೂರ ಇಡುವುದಿಲ್ಲ. ಅವು ಪಕ್ಕದಲ್ಲಿದ್ದು, ನೋಡುತ್ತಾ, ಕೈಲಾದಷ್ಟು ಕೈ ಹಾಕುತ್ತಾ ಕಲಿಯುತ್ತವೆ. ಯಾರೂ ಹೇಳದಿದ್ದರೂ ತಾವಾಗೇ ಎದ್ದು ಮನೆಗೆಲಸಕ್ಕೆ ಸೇರಿಕೊಳ್ಳುವುದು ಅಂಥ ಮನೆಗಳ ಮಕ್ಕಳಲ್ಲಿ ಜಾಸ್ತಿ ಅಂತ ಅವರ ತಂಡ ಕಂಡುಕೊಂಡಿದೆ. ಇದನ್ನು ಓದುವಾಗ ನನಗೆ ನಮ್ಮ ಹಳ್ಳಿಮನೆಗಳ ಕಣ, ಕೊಟ್ಟಿಗೆಯೇ ಕಣ್ಮುಂದೆ ಬಂತು. ನಮ್ಮಲ್ಲಿ ಒಂದು ತಲೆಮಾರಿನ ಹಿಂದೆ ಇದ್ದದ್ದೇ ಅದು.

ಮನೆಯವರು ಮೊದಲು ಮಾಡಿದ್ದು

ವಿಷಯ ತಿಳಿದ ಅಪ್ಪನಿಗೆ ತುಂಬಾ ಬೇಜಾರಾಯಿತು. ಮಗ ಸುಳ್ಳು ಬರೆದಿದ್ದು ಮೈಸೂರಿಗೆ ಹೋಗಲಿಲ್ಲ ಅಂತಲೇ ಅಲ್ವಾ, ಹೋಗಿಯೇ ಬರೋಣ ಅಂದರು. ಅವರ ವಾರದ ರಜೆ ಮಂಗಳವಾರ. ಮೈಸೂರು ಮೃಗಾಲಯಕ್ಕೂ ಮಂಗಳವಾರವೇ ರಜೆ. ಹಾಗಾಗಿ ಇನ್ನೊಬ್ಬ ಚಾಲಕರ ಜೊತೆ ಡ್ಯೂಟಿ ಬದಲಾಯಿಸಿಕೊಂಡು ಒಂದು ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ಹುಡುಗ ಜಿರಾಫೆ ನೋಡಿದ, ಅರಮನೆಯ ದೀಪ ನೋಡಿದ, ಸೋಮವಾರ ಬಂದು ಎಲ್ಲರಿಗೂ ಹೇಳಿದ. ಅವನ ಮರ್ಯಾದೆ ಅವನಿಗೆ ವಾಪಸ್ ಸಿಕ್ಕಿತು. ಅದು ಸಣ್ಣ ವಿಷಯವಲ್ಲ. ಆದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಮೌನ. ಮನೆಯಲ್ಲಿ, “ಮುಂದಿನ ಸಲ ಎಲ್ಲಿಗೆ?” ಅಂತ ಕೇಳಲು ಶುರು ಮಾಡಿದ.

ಆ ಪ್ರವಾಸದಲ್ಲಿ ನಿನಗೆ ತುಂಬಾ ಇಷ್ಟವಾಗಿದ್ದು ಏನು ಅಂತ ನಾನು ಒಮ್ಮೆ ಕೇಳಿದೆ. ಜಿರಾಫೆ ಅನ್ನುತ್ತಾನೆ ಅಂದುಕೊಂಡಿದ್ದೆ. “ಅಪ್ಪ ಬಸ್ಸಲ್ಲಿ ಸೀಟಲ್ಲಿ ಕೂತಿದ್ರು ಮಿಸ್. ಡ್ರೈವರ್ ಸೀಟಲ್ಲಲ್ಲ. ನನ್ ಪಕ್ಕ” ಅಂದ. ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು ಅಂತಲೂ ಹೇಳಿದ. ಅವನು ಹುಡುಕುತ್ತಿದ್ದದ್ದು ಏನು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಗುತ್ತಿರಲಿಲ್ಲ. ಮೈಸೂರಿನಲ್ಲಿ ಅವನಿಗೆ ಸಿಕ್ಕಿದ್ದು ಮೈಸೂರಿನದ್ದಲ್ಲ.

ಈ ನಡುವೆ ಅಮ್ಮ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ಪ್ರತಿ ರಾತ್ರಿ ಮೂರು ಒಳ್ಳೆಯ ವಿಷಯ ಹೇಳಿಸುವ ಅಭ್ಯಾಸ ಶುರು ಮಾಡಿದ್ದರು. ಹುಡುಗ ಮೊದಲ ರಾತ್ರಿ “ಅನ್ನ, ಸಾರು, ಮೊಸರು” ಅಂದ. ಎರಡನೇ ರಾತ್ರಿಯೂ ಅದೇ. ಆಮೇಲೆ ಅಮ್ಮ ಕೇಳುವ ಮೊದಲೇ ಒಂದೇ ಉಸಿರಿಗೆ ಒಪ್ಪಿಸಿ ಮಲಗುತ್ತಿದ್ದ. ಈ ಅಭ್ಯಾಸ ಕೆಟ್ಟದ್ದೇನಲ್ಲ. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು ದೊಡ್ಡವರ ಮೇಲೆ ಮಾಡಿದ ಅಧ್ಯಯನದಿಂದ ಇದು ಹೆಸರಾಯಿತು. 2008ರಲ್ಲಿ ಜೆಫ್ರಿ ಫ್ರೋ ಮತ್ತವರ ತಂಡ ಶಾಲಾಮಕ್ಕಳಿಗೆ ಇಂಥದ್ದೇ ಪಟ್ಟಿ ಬರೆಯಲು ಹೇಳಿ ನೋಡಿದರು. ಆ ಮಕ್ಕಳು ಆರು, ಏಳನೇ ತರಗತಿಯವರು. ಒಂಬತ್ತು ವರ್ಷದ ಮಗುವಿಗೆ ಅದು ಇನ್ನೊಂದು ಹೋಂವರ್ಕ್ ಆಗಿಬಿಡುತ್ತದೆ. ಅದರಲ್ಲೂ, ತಾನು ಕೈ ಹಾಕದ, ತನ್ನ ಪಾಲು ಏನೂ ಇಲ್ಲದ ದಿನದ ಬಗ್ಗೆ ಮಗು ಏನು ಪಟ್ಟಿ ಮಾಡೀತು? ತಟ್ಟೆಗೆ ಬಂದಿದ್ದನ್ನೇ ಹೇಳಿತು.

ಅವರೆಕಾಯಿ

ಡಿಸೆಂಬರ್ ಬಂತು. ಅವರೆಕಾಯಿ ಕಾಲ. ಅಮ್ಮನಿಗೆ ನಾನು ಹೇಳಿದ್ದು ಒಂದೇ ಮಾತು: ಈ ಸಲ ಅವನನ್ನೂ ಕೂರಿಸಿಕೊಳ್ಳಿ, ಆದರೆ ಆಟಕ್ಕೆ ಬೇಡ. ಅವನು ಮಾಡದಿದ್ದರೆ ಸಾರು ಆಗಬಾರದು, ಅಂಥ ಕೆಲಸ ಕೊಡಿ.

ಅಜ್ಜಿಗೆ ಇದು ಹಿಡಿಸಲಿಲ್ಲ. “ಗಂಡುಡುಗನ ಕೈಲಿ ಅವರೆಕಾಯಿ ಬಿಡಿಸ್ತಾರೇನವ್ವಾ?” ಅಂದರಂತೆ. ಅಮ್ಮ ತಿರುಗಿ ಮಾತಾಡಲಿಲ್ಲ. “ಅತ್ತೆ, ನೀವೇ ಹೇಳ್ಕೊಡಿ. ನಂಗೆ ಹೊಲಿಗೆ ಇದೆ” ಅಂದು ಮೆಷಿನ್ ಮುಂದೆ ಹೋಗಿ ಕೂತರು. ಇದಕ್ಕಿಂತ ಜಾಣತನದ ಉತ್ತರ ನನಗಂತೂ ಹೊಳೆಯುತ್ತಿರಲಿಲ್ಲ. ಹೇಳಿಕೊಡುವ ಜವಾಬ್ದಾರಿ ಅಜ್ಜಿಯ ಮೇಲೆ ಬಿದ್ದ ಮೇಲೆ ಆಕ್ಷೇಪಕ್ಕೆ ಜಾಗವೇ ಉಳಿಯಲಿಲ್ಲ.

ಹಿದುಕವರೆ ಮಾಡುವುದು ಒಂದು ಹೊತ್ತಿನ ಕೆಲಸವಲ್ಲ. ಅಜ್ಜಿ ಹುಡುಗನನ್ನು ಸಂತೆಗೆ ಕರೆದುಕೊಂಡು ಹೋಗಿ, ಕಾಯನ್ನು ಮೂಸಿ ಸೊಗಡು ನೋಡುವುದು ಹೇಗೆ ಅಂತ ತೋರಿಸಿದರು. ಸಂಜೆ ಪೇಪರ್ ಹಾಸಿಕೊಂಡು ಕಾಯಿ ಬಿಡಿಸಿದರು. ಬೆರಳಿಗೆಲ್ಲ ಅಂಟು ಹತ್ತಿತು. ಮೂರು ನಾಲ್ಕು ಕಾಯಿಗೊಂದು ಹಸಿರು ಹುಳ. ಮೊದಲ ಹುಳಕ್ಕೆ ತಂಗಿ ಕಿರುಚಿ ಅಮ್ಮನ ಮೆಷಿನ್ ಹಿಂದೆ ಅಡಗಿದಳು. ರಾತ್ರಿ ಕಾಳನ್ನು ನೀರಿಗೆ ಹಾಕಿದರು. ಬೆಳಗ್ಗೆ ಸಿಪ್ಪೆ ಮೆತ್ತಗಾಗಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು, ಹಿಂದಿನಿಂದ ಒತ್ತಿದರೆ ಬೇಳೆ ಪುಳಕ್ಕನೆ ಮುಂದೆ ಹಾರುತ್ತದೆ. ಪಾತ್ರೆಯ ಕಡೆ ಗುರಿ ಇಡದಿದ್ದರೆ ಗೋಡೆಗೆ. ಹುಡುಗ ಮೊದಲು ಬೇಳೆಯನ್ನು ಜಜ್ಜಿದ, ಆಮೇಲೆ ಹಾರಿಸಿದ, ಆಮೇಲೆ ಪಾತ್ರೆಗೆ ಬೀಳಿಸಿದ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ವೇಗ ಅವನಿಗೆ ಬರಲಿಲ್ಲವಾದರೂ ಅವನ ರಾಶಿ ಬೇರೆ ಕಾಣುವಷ್ಟು ದೊಡ್ಡದಾಗಿತ್ತು. ಅಂದು ಹಿದುಕಿದ ಬೇಳೆ ಸಾರು, ಮುದ್ದೆ.

ಇಷ್ಟು ಹೊತ್ತು ಎಲ್ಲರ ಕೈ ಕೆಲಸದಲ್ಲಿ, ಬಾಯಿ ಖಾಲಿ. ಅಜ್ಜಿ ತಮ್ಮ ತವರಿನ ಹೊಲದ ಅವರೆ, ಚಿಕ್ಕಂದಿನಲ್ಲಿ ಕಾಯಿ ಕದ್ದು ಸಿಕ್ಕಿಬಿದ್ದದ್ದು ಎಲ್ಲ ಹೇಳಿದರು. ಕೂತು ಕಥೆ ಹೇಳು ಅಂದರೆ ಅವರು ಹೇಳುವವರಲ್ಲ. ಕೈಗೆ ಕೆಲಸ ಸಿಕ್ಕಾಗ ಮಾತು ತಾನಾಗೇ ಬಂತು.

ಆ ಸೋಮವಾರ ನಾನು ಪ್ರಬಂಧ ಬರೆಸಲಿಲ್ಲ. ಅವನೇ ಬಂದು ಕೈ ಮುಂದೆ ಚಾಚಿದ. “ಮೂಸಿ ನೋಡಿ ಮಿಸ್. ಇನ್ನೂ ಹೋಗಿಲ್ಲ.”

ಆಮೇಲಿನ ಮಾತು

ಕೆಲಸ ಕೊಟ್ಟರೆ ಅರ್ಧ ಆಯಿತು. ಉಳಿದ ಅರ್ಧ, ಆಮೇಲೆ ಅದರ ಬಗ್ಗೆ ಆಡುವ ಮಾತು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ರಾಬಿನ್ ಫಿವುಶ್, ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಎಲೇನ್ ರೀಸ್ ಇಬ್ಬರೂ ತಾಯಂದಿರು ಮಕ್ಕಳ ಜೊತೆ ಕಳೆದುಹೋದ ದಿನಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನೇ ದಶಕಗಳ ಕಾಲ ಗಮನಿಸಿದವರು. ಕೆಲವರು ಪರೀಕ್ಷೆ ಮಾಡುವ ರೀತಿ ಕೇಳುತ್ತಾರೆ. ಎಲ್ಲಿಗೆ ಹೋಗಿದ್ವಿ? ಏನು ನೋಡಿದ್ವಿ? ಮಗು ಸುಮ್ಮನಾದರೆ ಅದನ್ನೇ ಮತ್ತೆ ಕೇಳುತ್ತಾರೆ. ಇನ್ನು ಕೆಲವರು ಮಗು ಹೇಳಿದ್ದನ್ನು ಹಿಡಿದುಕೊಂಡು ಮುಂದೆ ಹೋಗುತ್ತಾರೆ. ತಾವೂ ಒಂದು ವಿವರ ಸೇರಿಸುತ್ತಾರೆ. ಹೇಗೆ, ಯಾಕೆ, ಆಮೇಲೆ ಅಂತ ಮಾತು ಬೆಳೆಸುವ ಪ್ರಶ್ನೆ ಕೇಳುತ್ತಾರೆ. ಎರಡನೇ ರೀತಿಯ ಮಾತು ಕೇಳಿ ಬೆಳೆದ ಮಕ್ಕಳು ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ ನೆನೆದು ಹೇಳುತ್ತಾರೆ. ತಾಯಂದಿರಿಗೆ ಈ ರೀತಿ ಮಾತಾಡಲು ಕಲಿಸಬಹುದು ಅಂತಲೂ ರೀಸ್ ತೋರಿಸಿದ್ದಾರೆ.

ನಾನು ಇದನ್ನು ಅಮ್ಮನಿಗೆ ಹೇಳಿದ್ದು ಬೇರೆ ತರಹ. ಅವರ ಮನೆಯಲ್ಲಿ ರಾತ್ರಿ ಎಂಟು ಗಂಟೆಗೆ ಅಪ್ಪನ ಫೋನ್ ಬರುತ್ತದೆ. ಆ ಮಾತು ಹೀಗಿರುತ್ತಿತ್ತು:

“ಊಟ ಆಯ್ತಾ?”
“ಹೂಂ.”
“ಓದಿದ್ಯಾ?”
“ಹೂಂ.”
“ಅಮ್ಮನಿಗೆ ಕೊಡು.”

ಇದನ್ನು ತಪ್ಪು ಅನ್ನಲಾರೆ. ದಿನವಿಡೀ ಸ್ಟೇರಿಂಗ್ ಹಿಡಿದು ದಣಿದ ಮನುಷ್ಯನ ಕಾಳಜಿ ಅದು. ಅಪ್ಪನಿಗೆ ಹೇಳಿದೆ: ಹೂಂ ಅಂತ ಮುಗಿಸಲಾಗದ ಪ್ರಶ್ನೆ ಒಂದನ್ನು ಕೇಳಿ. ಅದಕ್ಕೆ ನಿಮಗೆ ಮನೆಯ ಸುದ್ದಿ ಸ್ವಲ್ಪ ಗೊತ್ತಿರಬೇಕು. ಅದನ್ನು ಮಧ್ಯಾಹ್ನವೇ ಅಮ್ಮನಿಂದ ಕೇಳಿಟ್ಟುಕೊಳ್ಳಿ.

ಅವರೆಕಾಯಿಯ ಮರುದಿನದ ಫೋನ್ ಬಗ್ಗೆ ಅಮ್ಮ ಹೇಳಿದ್ದು:

“ಹುಳ ಬಂದಾಗ ಯಾರ್ ಮೊದ್ಲು ಕಿರುಚಿದ್ದು?”
“ತಂಗಿ! ಮೆಷಿನ್ ಹಿಂದೆ ಓಡ್ಹೋದ್ಲು.”
“ನೀನ್ ಏನ್ ಮಾಡ್ದೆ?”
“ನಾನ್ ಕಡ್ಡೀಲಿ ಎತ್ತಿ ಬೇಲಿಗ್ ಹಾಕ್ದೆ. ಅಪ್ಪಾ, ಅದಕ್ಕೆ ಜೀವ ಇತ್ತು. ಮೆಲ್ಲಗೆ ನಡೀತಿತ್ತು.”

ಆಮೇಲೆ ಹುಡುಗನೇ ತಿರುಗಿ ಕೇಳಿದನಂತೆ: “ನೀವಿರೋ ಊರಲ್ಲಿ ರಾತ್ರಿ ಏನಿರತ್ತೆ?” ಅಪ್ಪ ಹೇಳಿದರು. ಅರಳಿಕಟ್ಟೆ ಪಕ್ಕ ಬಸ್ ನಿಲ್ಲಿಸುವುದು, ಕಂಡಕ್ಟರ್ ಮತ್ತು ತಾನು ಸೀಟಿನ ಮೇಲೆ ಮಲಗುವುದು, ಒಬ್ಬ ಅಜ್ಜ ದಿನಾ ಬಂದು ಬೆಳಗಿನ ಬಸ್ ಎಷ್ಟು ಹೊತ್ತಿಗೆ ಅಂತ ಕೇಳುವುದು, ದಿನಾ ಅದೇ ಹೊತ್ತೇ ಆದರೂ. ಅಪ್ಪನ ಕೆಲಸ ಅಂದರೆ ಅಪ್ಪ ಇಲ್ಲದಿರುವುದು ಅಂತ ತಿಳಿದಿದ್ದ ಹುಡುಗನಿಗೆ ಆ ಕತ್ತಲಲ್ಲಿ ಒಂದು ಕಟ್ಟೆ, ಒಂದು ಬಸ್ಸು, ಒಬ್ಬ ಅಜ್ಜ ಕಾಣಿಸಿದರು. ಈಗ ಅವನು ದಿನಾ ಕೇಳುವುದು, “ಅಜ್ಜ ಬಂದಿದ್ರಾ?” ಅಂತ.

ಫಿವುಶ್ ಅವರೂ ಅದೇ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಅವರೂ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಅಪ್ಪ ಅಮ್ಮ ಹೇಗೆ ಭೇಟಿಯಾದರು ಗೊತ್ತಾ, ಅಮ್ಮ ಎಲ್ಲಿ ಬೆಳೆದರು ಗೊತ್ತಾ, ನಿನಗೆ ಈ ಹೆಸರು ಯಾಕೆ ಇಟ್ಟರು ಗೊತ್ತಾ ಅನ್ನುವಂಥವು. ಇವುಗಳಿಗೆ ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ತಮಗೆ ಗೌರವ ಜಾಸ್ತಿ ಇತ್ತು. ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಆಗದು ಅಂತ ಡ್ಯೂಕ್ ಅವರೇ ಎಚ್ಚರಿಸಿದ್ದಾರೆ. ಆ ಉತ್ತರಗಳು ಮಗುವಿಗೆ ಸಿಗುವುದು ಊಟದ ಹೊತ್ತಿನಲ್ಲಿ, ಪ್ರಯಾಣದಲ್ಲಿ, ಹಬ್ಬದಲ್ಲಿ ಒಟ್ಟಿಗೆ ಕೂತಾಗ. ಫಲ ಇರುವುದು ಆ ಕೂರುವುದರಲ್ಲಿ. ಅಜ್ಜಿಯ ಅವರೆ ಹೊಲದ ಕಥೆಗೂ ಇದೇ ಮಾತು ಸಲ್ಲುತ್ತದೆ.

ಅಡುಗೆಮನೆಯ ಕ್ಯಾಲೆಂಡರ್

ಆ ಮನೆಯ ಅಡುಗೆಮನೆಯಲ್ಲಿ ಒಂದು ದೇವರ ಫೋಟೋದ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಗಿರಾಕಿಗೆ ಬ್ಲೌಸ್ ಕೊಡಬೇಕಾದ ದಿನ, ಅಪ್ಪನ ನೈಟ್ ಮತ್ತು ಆಫ್ ಎಲ್ಲ ಅಮ್ಮ ಅದರ ಚೌಕಗಳಲ್ಲಿ ಗುರುತು ಹಾಕುತ್ತಾರೆ. ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರ್ ಬಂದಾಗ ಹುಡುಗನಿಗೂ ಆ ಚೌಕಗಳಲ್ಲಿ ಬರೆಯುವ ಹಕ್ಕು ಕೊಟ್ಟರು. ಇದು ಅಮ್ಮನದೇ ಯೋಚನೆ. ಚೌಕ ಚಿಕ್ಕದು. ಒಂದೆರಡು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಅದೇ ಅನುಕೂಲವಾಯಿತು. ದಿನಾ ಬರೆಯಬೇಕು ಅಂತ ನಿಯಮವಿಲ್ಲ.

ಫೆಬ್ರವರಿ ಕೊನೆಗೆ ಅವರ ಮನೆಗೆ ಹೋದಾಗ ನಾನು ಅದನ್ನು ನೋಡಿದೆ. “ಹಾಲು ಉಕ್ತು.” “ಕೊಬ್ರಿ ಕತ್ರಿಸ್ದೆ” ಅಂತ ಸಂಕ್ರಾಂತಿಯ ಹಿಂದಿನ ವಾರ, ಎಳ್ಳು ಬೆಲ್ಲಕ್ಕೆ. “ಅಪ್ಪ ಆಫ್, ಮಲಗ್ಲಿಲ್ಲ.” “ಸೂಜಿ ಹುಡುಕಿದ್ವಿ.” ಈ ಸೂಜಿ ಏನು ಅಂತ ಕೇಳಿದೆ. ಹುಡುಗ, ಅಮ್ಮ, ತಂಗಿ ಮೂವರೂ ಒಟ್ಟಿಗೆ ಹೇಳಲು ಶುರು ಮಾಡಿದರು. ಮೆಷಿನ್ ಸೂಜಿ ಮುರಿದು, ತುಂಡು ಎಲ್ಲಿ ಬಿತ್ತೋ ಅಂತ ಎಲ್ಲರೂ ನೆಲದ ಮೇಲೆ ಬಗ್ಗಿ ಟಾರ್ಚ್ ಹಾಕಿ ಹುಡುಕಿದ್ದು, ಕೊನೆಗೆ ಅದು ಅಜ್ಜಿಯ ಸೆರಗಿನಲ್ಲೇ ಸಿಕ್ಕಿದ್ದು. ಆ ದಿನ ಅದು ಬರೀ ತೊಂದರೆ. ಗಿರಾಕಿಯ ಬ್ಲೌಸ್ ತಡವಾಗಿ ಅಮ್ಮ ಬೈಗುಳ ತಿಂದಿದ್ದರು. ಆರು ವಾರಕ್ಕೆ ಅದು ಮನೆಮಂದಿಯೆಲ್ಲ ಮೈಮೇಲೆ ಬಿದ್ದು ಹೇಳುವ ಕಥೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಟಿಂಗ್ ಝಾಂಗ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಜನರಿಂದ ಅವರ ಮಾಮೂಲಿ ದಿನಗಳ ಬಗ್ಗೆ ಬರೆಸಿಟ್ಟು, ತಿಂಗಳುಗಳ ಮೇಲೆ ಅವರಿಗೇ ಓದಲು ಕೊಟ್ಟರು. ಇದನ್ನು ಮತ್ತೆ ಓದಲು ತಮಗೆ ಅಷ್ಟೊಂದು ಆಸಕ್ತಿ ಇರಲಾರದು ಅಂತ ಬರೆಯುವಾಗ ಅಂದುಕೊಂಡಿದ್ದವರು, ಓದುವಾಗ ಅದಕ್ಕಿಂತ ತುಂಬಾ ಖುಷಿಪಟ್ಟರು. ವಿಶೇಷ ದಿನಗಳಿಗಿಂತ ಸಾಮಾನ್ಯ ದಿನಗಳ ವಿಷಯದಲ್ಲೇ ಈ ಅಂದಾಜು ಹೆಚ್ಚು ತಪ್ಪಿತ್ತು. ದೊಡ್ಡವರಿಗೇ ಹೀಗಾದರೆ ಮಕ್ಕಳು ಆ ಹೊತ್ತಿಗೇ ಬೆಲೆ ಕಟ್ಟಬೇಕು ಅಂತ ಒತ್ತಾಯಿಸುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಇಂದು ಗುರುತು ಹಾಕಿಟ್ಟರೆ ಸಾಕು.

ಫೋಟೋ, ವಿಡಿಯೋ ಬಗ್ಗೆ ಒಂದು ಮಾತು. ಶುರುವಿನಲ್ಲಿ ಅಮ್ಮ ಉತ್ಸಾಹದಿಂದ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಕ್ಯಾಮೆರಾ ಕಂಡ ಕೂಡಲೇ ಹುಡುಗ ಕೈಯಲ್ಲಿದ್ದ ಕೆಲಸ ಬಿಟ್ಟು ನಗುಮುಖ ಮಾಡಿ ನಿಲ್ಲುತ್ತಿದ್ದ. ಲಿಂಡಾ ಹೆಂಕೆಲ್ ಅನ್ನುವ ಸಂಶೋಧಕಿ 2014ರಲ್ಲಿ ತೋರಿಸಿದ್ದು ನೆನಪಾಯಿತು. ಮ್ಯೂಸಿಯಂನಲ್ಲಿ ಫೋಟೋ ತೆಗೆದುಕೊಂಡ ವಸ್ತುಗಳಿಗಿಂತ ಬರೀ ಕಣ್ಣಲ್ಲಿ ನೋಡಿದ ವಸ್ತುಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು. ಅಮ್ಮನಿಗೆ ಹೇಳಿದೆ, ಕೆಲಸ ಮುಗಿದ ಮೇಲೆ ಒಂದು ಫೋಟೋ ತೆಗೆಯಿರಿ, ನಡುವೆ ಬೇಡ. ಅವರು ಒಪ್ಪಿದರು. ಈಗ ಅವರ ಮೊಬೈಲಿನಲ್ಲಿ ಇರುವುದು ಹೆಚ್ಚಾಗಿ ಖಾಲಿ ಪಾತ್ರೆಗಳ ಫೋಟೋ.

ತರಗತಿಗೆ ತಂದಾಗ

ಜನವರಿಯಲ್ಲಿ ನಾನು ಇಡೀ ತರಗತಿಗೆ ಹೊಸ ಪ್ರಬಂಧ ಕೊಟ್ಟೆ. ‘ನಮ್ಮ ಮನೆಯಲ್ಲಿ ನಾನು ಮಾಡಿದ ಒಂದು ಕೆಲಸ.’ ಪ್ರವಾಸ ಹೋದವರೂ ಹೋಗದವರೂ ಇದರಲ್ಲಿ ಸಮ. ನಮ್ಮ ಹುಡುಗ ಎರಡು ಪುಟ ಬರೆಯಲಿಲ್ಲ. ಅರ್ಧ ಪುಟ ಬರೆದ. ಅದರ ಒಂದು ಭಾಗ ಹೀಗಿತ್ತು: “ಒಂದು ಬೇಳೆ ಹಾರಿ ಅಜ್ಜಿಯ ಕನ್ನಡಕಕ್ಕೆ ಹೊಡೆಯಿತು. ಅಜ್ಜಿ ಬೈಯಲಿಲ್ಲ. ಅಪ್ಪ ಇದ್ದಿದ್ದರೆ ಅವರಿಗೂ ಹೊಡೆಯುತ್ತಿತ್ತು.” ಓದುವಾಗ ಯಾರೂ ಸುಳ್ಳು ಅನ್ನಲಿಲ್ಲ. ಹಿಂದೆ ಕೂಗಿದ ಹುಡುಗನೇ ಎದ್ದು, ತಮ್ಮ ಮನೆಯ ಅವರೆಕಾಯಿ ಹುಳ ಇನ್ನೂ ದೊಡ್ಡದು ಅಂದ.

ಇದನ್ನು ಓದಿ ತಮ್ಮ ತರಗತಿಯಲ್ಲೂ ಮಾಡಲು ಹೊರಡುವ ಶಿಕ್ಷಕರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಮಕ್ಕಳಿಗೂ ಮನೆ ನೆನೆಯಬೇಕೆನಿಸುವ ಜಾಗವಲ್ಲ. ಕುಡಿದು ಬರುವ ಅಪ್ಪ ಇರುವ ಮನೆಯಿದೆ. ಅಮ್ಮ ಬಿಟ್ಟುಹೋದ ಮನೆಯಿದೆ. ಹಾಸ್ಟೆಲಿನಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಅವರ ಮುಂದೆ ಮನೆಯ ಸಣ್ಣ ಖುಷಿಗಳ ಬಗ್ಗೆ ಬರೆಯಿರಿ ಅನ್ನುವುದು ಗಾಯಕ್ಕೆ ಕೈ ಹಾಕಿದ ಹಾಗೆ. ಅದಕ್ಕೇ ನಾನು ಖುಷಿ ಅನ್ನುವ ಪದ ಬಳಸಲಿಲ್ಲ, ಕೆಲಸ ಅಂದೆ. ಜೋರಾಗಿ ಓದುವುದು ಇಷ್ಟವಿದ್ದವರಿಗೆ ಮಾತ್ರ. ಮನೆಯ ಬದಲು ಶಾಲೆಯಲ್ಲಿ ಮಾಡಿದ ಕೆಲಸ ಬರೆದರೂ ಆಗಬಹುದು ಅಂದೆ. ಹಾಳೆ ಖಾಲಿ ಕೊಟ್ಟ ಮಗುವನ್ನು ಎಲ್ಲರ ಮುಂದೆ ಕೇಳಬಾರದು. ಬರೆದದ್ದರಲ್ಲಿ ಹೊಡೆತ, ಹಿಂಸೆಯ ಸುಳಿವು ಸಿಕ್ಕರೆ ಅದು ಪ್ರಬಂಧದ ವಿಷಯವಾಗಿ ಉಳಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098 ಇರುವುದೇ ಅದಕ್ಕೆ.

ಈಗ ಎಲ್ಲಿದ್ದೇವೆ

ಒಂದು ಮನೆಯಲ್ಲಿ ನಡೆದದ್ದರಿಂದ ಎಲ್ಲ ಮನೆಗೂ ನಿಯಮ ಮಾಡಲಾಗದು. ಈ ಮನೆಯಲ್ಲಿ ಅಜ್ಜಿ ಇದ್ದರು, ಅಮ್ಮ ಮನೆಯಲ್ಲೇ ಕೆಲಸ ಮಾಡುವವರು, ಅಪ್ಪ ಕೇಳಿಸಿಕೊಳ್ಳುವ ಮನುಷ್ಯ. ಇವೆಲ್ಲ ಅನುಕೂಲಗಳೇ. ಇಬ್ಬರೂ ಬೆಳಗ್ಗೆ ಗಾರ್ಮೆಂಟ್ಸ್‌ಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಹಿದುಕವರೆಗೆ ಪುರುಸೊತ್ತು ಎಲ್ಲಿ? ಅಲ್ಲಿ ಬೆಳಗ್ಗೆ ತಿಂಡಿ ಡಬ್ಬಿ ಕಟ್ಟುವ ಐದು ನಿಮಿಷದಲ್ಲಿ ಮಗುವಿನ ಪಾಲು ಏನು ಅಂತ ಹುಡುಕಬೇಕಾಗುತ್ತದೆ.

ಹುಡುಗ ಪೂರ್ತಿ ಬದಲಾಗಿಬಿಟ್ಟ ಅಂತಲೂ ಇಲ್ಲ. ಮೊಬೈಲಿಗೆ ಜಗಳ ಇದೆ. ಬೇಸಿಗೆ ರಜೆಯಲ್ಲಿ ಸಮುದ್ರ ನೋಡಬೇಕು ಅಂತ ಹಟ ಇದೆ. ಅದು ಇರಬೇಕಾದ್ದೇ. ಮನೆಯ ಅವರೆಕಾಯಿ ಇಷ್ಟಪಟ್ಟ ಮಗು ಸಮುದ್ರ ಕೇಳಬಾರದು ಅಂತೇನಿಲ್ಲ. ಅಪ್ಪನ ನೈಟ್ ಹಾಲ್ಟ್ ಕಡಿಮೆಯಾಗಿಲ್ಲ. ಅಪ್ಪ ಇಲ್ಲದ್ದಕ್ಕೆ ಅವನಿಗೆ ಈಗಲೂ ಬೇಜಾರಿದೆ. ಆ ಬೇಜಾರನ್ನು ಹೋಗಲಾಡಿಸುವುದು ನಮ್ಮ ಉದ್ದೇಶವೂ ಆಗಿರಲಿಲ್ಲ. ಅದನ್ನು ಅವನು ಈಗ ಬಾಯಿಬಿಟ್ಟು ಹೇಳುತ್ತಾನೆ. ಮೊದಲು ಹೇಳುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಫಲಿತಾಂಶ ಕೇಳಲು ಬಂದಾಗ ಅಮ್ಮ ಹೊಸ ತಾಪತ್ರಯ ಹೇಳಿದರು. ಮಾಳಿಗೆ ಮೇಲೆ ಸಂಡಿಗೆ ಇಡುವ ಕೆಲಸವನ್ನು ಹುಡುಗ ತನ್ನದೇ ಮಾಡಿಕೊಂಡಿದ್ದಾನೆ. ತಂಗಿ ಹತ್ತಿರ ಬಂದರೆ, “ನೀನ್ ಚಿಕ್ಕೋಳು, ಹಾಳ್ ಮಾಡ್ತೀಯ, ಹೋಗಿ ಓದ್ಕೋ” ಅಂತ ಓಡಿಸುತ್ತಾನೆ. ಅವನ ಬಾಯಲ್ಲಿ ತಮ್ಮದೇ ಮಾತು ಕೇಳಿ ಅಮ್ಮನಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲವಂತೆ. ಸದ್ಯಕ್ಕೆ ತಂಗಿಗೆ ಕಾಗೆ ಓಡಿಸುವ ಕೆಲಸ ಕೊಟ್ಟಿದ್ದಾರೆ. ಅವಳು ಅದು ಬೇಡ, ತನಗೂ ಹಿಟ್ಟೇ ಬೇಕು ಅನ್ನುತ್ತಿದ್ದಾಳೆ. ಮುಂದಿನ ಪಾತ್ರೆ ಹಿಟ್ಟನ್ನು ಎರಡು ಬಟ್ಟಲಿಗೆ ಹಾಕಿ, ಆಳಿಗೊಂದು ಪ್ಲಾಸ್ಟಿಕ್ ಹಾಳೆ ಹಾಸಿಕೊಡಿ ಅಂತ ಹೇಳಿ ಕಳಿಸಿದ್ದೇನೆ.